ಬಹುಮತದಿಂದ ನಿಂತ ಗುಡ್ಡ

ಮಡಿಕೇರಿಯಲ್ಲಿರುವ ನಮ್ಮ ಇಂಜಿನಿಯರುಗಳ ಸಂಘದ ಶಾಖೆಗೆ ಈಗ ದಿವ್ಯಾ ಎಂಬ ತರುಣಿ ಕಾರ್ಯದರ್ಶಿ. ಸಂಘದ ಕೋಣೆಯ ಬೀಗದ ಕೈ ತೆಗೆದುಕೊಳ್ಳಲು ಹಿಂದಿನ ಕಾರ್ಯದರ್ಶಿಯಾದ ನನ್ನ ಮನೆಗೆ ಬಂದವರು, "ಸಾರ್, ಈ ಕೆಲಸದಲ್ಲಿ ಏನೇನು ಮಾಡ್ಬೇಕು ಅಂತ ಸ್ವಲ್ಪ ಬರೆದುಕೊಡಿ" ಎಂದು ಕೇಳಿದರು. ಏನು ಮಾಡಬೇಕೆಂಬುದು ಸಂಘದ ನಿಯಮಾವಳಿಯಲ್ಲಿ ಅಚ್ಚಾಗಿದೆ. ಅದನ್ನು ಕೊನೆಯವರೆಗೆ ಓದಿದ ಸದಸ್ಯರನ್ನು ನಾನಂತೂ ಕಂಡಿಲ್ಲ. ನಿಜವಾಗಿ ಏನಾಗುತ್ತದೆ ಎಂಬುದು ಮಾತ್ರ ಅದರಲ್ಲಿ ಇಲ್ಲ. ಹಾಗಾಗಿ ಅಷ್ಟನ್ನು ಬರೆದುಕೊಡುತ್ತೇನೆ. ದಿವ್ಯಾ ಓದಲಿ, ಅವರ ನಂತರ ಬರುವವರೂ ಓದಲಿ.

ನನ್ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆಗಳ ಕೆಲಸದಲ್ಲಿ ಸರ್ಕಾರಿ ನೌಕರಿ ಮಾಡಿದವನು. ನನ್ನ ಮುಂದಿದ್ದವರು ನಿವೃತ್ತರಾದಾಗಲೆಲ್ಲ ನಾನು ಒಂದು ಕುರ್ಚಿ ಮುಂದೆ ಸರಿದೆ, ಕೊನೆಗೆ ನನ್ನ ಹಿಂದಿನವರಿಗೆ ಕುರ್ಚಿ ಬಿಟ್ಟುಕೊಟ್ಟೆ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ಹೀಗಾಗಿ ಮಡಿಕೇರಿಯವರ ಲೆಕ್ಕದಲ್ಲಿ ನಾನು ಬಯಲುಸೀಮೆಯವನು, ಹಾಸನದ ನೆಂಟರ ಲೆಕ್ಕದಲ್ಲಿ ಕಿತ್ತಳೆಹಣ್ಣು ತಾರದೆ ಬರಿಗೈಯಲ್ಲಿ ಮದುವೆಗೆ ಬರುವ ಕೊಡಗಿನವನು.

ಕಾರ್ಯದರ್ಶಿಯಾಗಲು ನನಗಿದ್ದ ಅರ್ಹತೆ ಒಂದೇ, ನನ್ನ ಹತ್ತಿರ ಪ್ರೊಜೆಕ್ಟರ್ ಇತ್ತು. ಮನೆಯ ಗೋಡೆಯ ಮೇಲೆ ಹಾಕಿ ಪಂದ್ಯಗಳನ್ನು ನೋಡೋಣ ಎಂದು ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅದರಲ್ಲಿ ಆಟಗಾರರೆಲ್ಲ ಕಾಮಾಲೆ ಹಿಡಿದವರಂತೆ ಹಳದಿಯಾಗಿ ಓಡಾಡುತ್ತಿದ್ದರು. ಒಮ್ಮೆ ಸಂಘದ ಸಭೆಗೆ ಎರವಲು ಕೊಟ್ಟೆ. ಸಭೆ ಮುಗಿದ ಮೇಲೆ ಅಧ್ಯಕ್ಷರು, "ಗೌಡ್ರೇ, ಇದನ್ನ ಪ್ರತಿ ಸಲ ಹೊತ್ತುಕೊಂಡು ಹೋಗಿ ಬಂದು ಮಾಡುದು ಎಂಥಕ್ಕೆ? ಇಲ್ಲೇ ಇರ್ಲಿ. ಇದರ ಜೊತೆಗೆ ನೀವೂ ಇರಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚುನಾವಣೆ ಆದದ್ದು ನನಗೆ ತಿಳಿದದ್ದು ಮರುದಿನ.

ಅಧ್ಯಕ್ಷರು ಉತ್ತಯ್ಯನವರು. ಸೈನ್ಯದಲ್ಲಿ ಸೇತುವೆ ಕಟ್ಟುತ್ತಿದ್ದವರು, ನಿವೃತ್ತಿಯ ನಂತರ ಕಾಫಿ ತೋಟ ನೋಡಿಕೊಂಡಿದ್ದರು. ಎತ್ತರದ ಆಳು, ಬಿಳಿ ಮೀಸೆ, ಮೈಕ್ ಬೇಡದ ಗಂಟಲು. ಅತಿಥಿ ಉಪನ್ಯಾಸಕರಿಗೆ ವಂದನಾರ್ಪಣೆ ಮಾಡುವುದು ತಮ್ಮ ಹಕ್ಕು ಎಂದು ಅವರು ತಿಳಿದಿದ್ದರು. ಆ ವಂದನಾರ್ಪಣೆ ಉಪನ್ಯಾಸಕ್ಕಿಂತ ಉದ್ದ ಇರುತ್ತಿತ್ತು. ಉಪನ್ಯಾಸಕರು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿ, ಎಲ್ಲೆಲ್ಲಿ ತಪ್ಪಿದರು ಎಂಬುದನ್ನು ವಿನಯದಿಂದ ತಿದ್ದಿ, ಕೊನೆಗೆ ಹಾರ ಹಾಕುತ್ತಿದ್ದರು.

ಇನ್ನೊಬ್ಬರು ಹಮೀದ್. ಮಾಕುಟ್ಟದ ಕಡೆಯವರು, ಡಿಪ್ಲೊಮಾ ಮಾಡಿ ಗುತ್ತಿಗೆ ಕೆಲಸಕ್ಕೆ ಇಳಿದವರು. ಜಿಲ್ಲೆಯಲ್ಲಿ ಯಾವ ಗುಡ್ಡದ ಮಣ್ಣು ಯಾವ ಬಣ್ಣ ಎಂದು ಕೇಳಿದರೆ ಹೇಳುತ್ತಿದ್ದರು, ಯಾಕೆಂದರೆ ಅದರಲ್ಲಿ ಬಹಳಷ್ಟನ್ನು ಅವರ ಜೆಸಿಬಿಯೇ ಅಗೆದಿತ್ತು. ಸಭೆಯ ಊಟದ ಜವಾಬ್ದಾರಿ ಅವರದು. ಸಂಘ ನಡೆಯುತ್ತಿದ್ದುದು ಆ ಊಟದಿಂದ. ನಾನು ಸೇರಿದ ಹೊಸದರಲ್ಲಿ ಆಹ್ವಾನದಲ್ಲಿ ಉಪನ್ಯಾಸದ ವಿಷಯವನ್ನು ದಪ್ಪಕ್ಷರದಲ್ಲಿ ಹಾಕಿ, 'ನಂತರ ಭೋಜನ' ಎಂದು ಕೆಳಗೆ ಸಣ್ಣದಾಗಿ ಬರೆದೆ. ಬೆರಳೆಣಿಕೆಯಷ್ಟು ಜನ ಬಂದರು. ಹಮೀದ್ ನನ್ನನ್ನು ಪಕ್ಕಕ್ಕೆ ಕರೆದು, "ಸಾರೇ, ತಲೆಕೆಳಗೆ ಮಾಡಿ. ಮೇಲೆ ಕೋಳಿ ಸಾರು, ಕಡಂಬುಟ್ಟು. ಕೆಳಗೆ ನಿಮ್ಮ ಕಾಂಕ್ರೀಟು" ಎಂದರು. ಮುಂದಿನ ತಿಂಗಳು ಕುರ್ಚಿ ಸಾಲಲಿಲ್ಲ. ಅಂದಿನಿಂದ ಅದೇ ಪದ್ಧತಿ, ದಿವ್ಯಾ ಅದನ್ನು ಬದಲಿಸುವ ಸಾಹಸ ಮಾಡದಿದ್ದರೆ ಒಳ್ಳೆಯದು.

ಕೋಳಿಯೋ ಮೀನೋ ಎಂಬ ಪ್ರಶ್ನೆ ಬಂದಾಗ ನಾವು ಕೈ ಎತ್ತಿಸಿ ತೀರ್ಮಾನಿಸುತ್ತಿದ್ದೆವು. ಪ್ರವಾಸ ಎಲ್ಲಿಗೆ, ಕೋಣೆಗೆ ಯಾವ ಬಣ್ಣ, ಎಲ್ಲಕ್ಕೂ ಕೈ. ಇಂಜಿನಿಯರುಗಳು ಮಾತಿನಲ್ಲಿ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ, ಎಣಿಕೆಯನ್ನು ಮಾತ್ರ ಮರುಮಾತಿಲ್ಲದೆ ಒಪ್ಪುತ್ತಾರೆ. ಈ ಅಭ್ಯಾಸವೇ ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸಿತು. ಅದಕ್ಕೆ ಬರುತ್ತೇನೆ.

ಉಪನ್ಯಾಸಕರನ್ನು ಕರೆಸುವುದು ಕಾರ್ಯದರ್ಶಿಯ ತಲೆನೋವು. ಒಮ್ಮೆ ಬಯಲಿನ ಕಾಲೇಜೊಂದರಿಂದ ದೊಡ್ಡ ಪ್ರೊಫೆಸರರನ್ನು ಕರೆಸಿದೆ. ಬೆಟ್ಟದ ರಸ್ತೆಯ ತಿರುವುಗಳನ್ನು ಹೇಗೆ ವಿನ್ಯಾಸ ಮಾಡಬೇಕೆಂಬುದರಲ್ಲಿ ಅವರು ಪಂಡಿತರು. ಕುಶಾಲನಗರ ದಾಟಿ ಮೊದಲ ತಿರುವುಗಳು ಶುರುವಾದದ್ದೇ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ದಾರಿಯುದ್ದಕ್ಕೂ ಕಾರು ನಿಲ್ಲಿಸುತ್ತ ಬಂದೆವು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಅವರು ತಿರುವುಗಳ ಬಗ್ಗೆ ಮಾತಾಡಿದರು. ಪರದೆಯ ಮೇಲೆ ತಿರುವಿನ ಚಿತ್ರ ಬಂದಾಗಲೆಲ್ಲ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದರು. ಪಾಪ, ಕಡಂಬುಟ್ಟಿನ ಕಡೆ ತಿರುಗಿಯೂ ನೋಡದೆ ವಾಪಸಾದರು.

ಇನ್ನೊಮ್ಮೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ಫೈನಲ್ ದಿನವೇ ಸಭೆ ಇಟ್ಟುಬಿಟ್ಟೆ. ಬಂದವರು ನಾನು ಮತ್ತು ಉಪನ್ಯಾಸಕರು. ಅವರು ಖಾಲಿ ಕುರ್ಚಿಗಳನ್ನು ನೋಡಿ, ಗಡಿಯಾರ ನೋಡಿ, "ಗ್ರೌಂಡ್ ಇಲ್ಲಿಂದ ಎಷ್ಟು ದೂರ ಆಗ್ತದೆ?" ಎಂದು ಕೇಳಿದರು. ಹೋದೆವು. ಸದಸ್ಯರೆಲ್ಲ ಗ್ಯಾಲರಿಯಲ್ಲಿದ್ದರು. ಉತ್ತಯ್ಯನವರು ಅಲ್ಲಿಯೇ ಎದ್ದು ನಿಂತು ವಂದನಾರ್ಪಣೆ ಮಾಡಿದರು.

ಮೊದಲು ಸಭೆಯ ಸುದ್ದಿ ಕಾರ್ಡಿನಲ್ಲಿ ಹೋಗುತ್ತಿತ್ತು, ಬಾರದವರು "ಕಾರ್ಡೇ ಬರ್ಲಿಲ್ಲ" ಎನ್ನುತ್ತಿದ್ದರು. ಈಗ ವಾಟ್ಸ್ಯಾಪಿನಲ್ಲಿ ಹೋಗುತ್ತದೆ, ಬಾರದವರು "ನೆಟ್‌ವರ್ಕೇ ಇಲ್ಲ" ಎನ್ನುತ್ತಾರೆ. ಮಳೆಗಾಲದಲ್ಲಿ ಅದು ನಿಜವೂ ಇರುವುದರಿಂದ ಜಗಳವಾಡಲು ಬರುವುದಿಲ್ಲ.

ಈಗ ಜಾನಕಿಯವರ ವಿಷಯ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ ಎಂದೇ ಇಷ್ಟು ದೂರ ಬಂದೆ.

ನಮ್ಮ ಕೋಣೆ ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿದೆ. ಕೆಳಗೆ 'ಇಂಜಿನಿಯರುಗಳ ಸಂಘ' ಎಂಬ ಬೋರ್ಡು. ಅದನ್ನು ನೋಡಿ ಜನ ಆಗಾಗ ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಬ್ಬರಿಗೆ ಕರೆಂಟು ಮೀಟರ್ ಬದಲಾಗಬೇಕು, ಇನ್ನೊಬ್ಬರಿಗೆ ನಲ್ಲಿ ಸೋರುತ್ತದೆ. ನಾವು ನಯವಾಗಿ ಕೆಳಗಿಳಿಸುತ್ತಿದ್ದೆವು. ಜಾನಕಿಯವರೂ ಹಾಗೆಯೇ ಬಂದರು. ಮಾದಾಪುರದಲ್ಲಿ ಹೊಲಿಗೆ ಮಾಡಿಕೊಂಡಿದ್ದ ಹೆಂಗಸು, ಮನೆಯಲ್ಲಿ ಅರೆಭಾಷೆ ಆಡುವ ಗೌಡರ ಪೈಕಿ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಒಂದೊಂದೇ ರವಿಕೆ ಹೊಲಿದು ಕಟ್ಟಿದ ಮನೆ ಗುಡ್ಡದ ಬುಡದಲ್ಲಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಹಿಂದೆ ಅಡುಗೆಮನೆ. ಹಿಂದಿನ ಮಳೆಗಾಲದಲ್ಲಿ ಮನೆಯ ಮೇಲುಗಡೆ ಗುಡ್ಡದಲ್ಲಿ ಬಿರುಕು ಬಿಟ್ಟಿತ್ತು. ನೋಡಿಹೋದವರೆಲ್ಲ ಇನ್ನೊಬ್ಬರನ್ನು ಕೇಳಿ ಎಂದು ಹೇಳಿಹೋಗಿದ್ದರು.

ನಾವು ಕಾಫಿ ಕುಡಿಯುತ್ತಿದ್ದೆವು. ಜಾನಕಿಯವರು ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡಿದರು.

"ನೀವೆಲ್ಲ ಇಂಜಿನಿಯರ್‌ಗಳೇ ಅಲ್ವಾ?"

"ಹೌದಮ್ಮ, ಎಲ್ಲರೂ" ಎಂದರು ಉತ್ತಯ್ಯನವರು, ಸ್ವಲ್ಪ ಹೆಮ್ಮೆಯಿಂದಲೇ.

"ಹಂಗಾರೆ ನಂಗೆ ಒಂದೇ ಮಾತು ಹೇಳಿ ಸಾರ್. ಈ ಮಳೆಗಾಲ ನಾನು ಆ ಮನೆಲಿ ಮಲಗ್ಬಹುದಾ, ಮಲಗ್ಬಾರ್ದಾ? ಬೇರೆ ಎಂತದೂ ಬೇಡ."

ಅವರು ಫೋನಿನಲ್ಲಿ ತೆಗೆದಿದ್ದ ಚಿತ್ರಗಳನ್ನು ನನ್ನ ಪ್ರೊಜೆಕ್ಟರಿಗೆ ಹಾಕಿದೆವು. ಹಳದಿ ಗುಡ್ಡ, ಹಳದಿ ಬಿರುಕು, ಹಳದಿ ಮನೆ. ಹಾಕಿದ್ದೇ ತಡ, ಕೋಣೆ ಸಂತೆಯಾಯಿತು. ಅದು ಮೇಲಿನ ಪದರದ ಬಿರುಕು ಅಷ್ಟೇ ಎಂದು ಒಬ್ಬರು. ಅಲ್ಲ, ಇಡೀ ಗುಡ್ಡವೇ ಬರುತ್ತದೆ ಎಂದು ಇನ್ನೊಬ್ಬರು. ಬಿರುಕೇ ಅಲ್ಲ, ಕಾಡುಹಂದಿ ಅಗೆದದ್ದು ಎಂದು ಮೂರನೆಯವರು. ವಿದ್ಯುತ್ ವಿಭಾಗದ ಸದಸ್ಯರೂ ಮಣ್ಣಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಿದರು. ಜಾನಕಿಯವರು ಕೊಟ್ಟ ಕಾಫಿ ಕುಡಿಯದೆ, ಮಾತಾಡುವವರ ಕಡೆಗೆಲ್ಲ ತಲೆ ತಿರುಗಿಸುತ್ತ ಕೂತಿದ್ದರು.

ಹೊತ್ತು ಮೀರಿತು, ಊಟ ಆರುತ್ತಿತ್ತು. ಉತ್ತಯ್ಯನವರು ಮೇಜು ಕುಟ್ಟಿ, "ಸಾಕು ಮಾರಾಯ್ರೆ, ಬೆಳಿಗ್ಗೆವರೆಗೂ ಹೀಗೇ ಆಗ್ತದೆ. ವೋಟಿಗೆ ಹಾಕುವ. ಗುಡ್ಡ ಕುಸಿಯುದಿಲ್ಲ ಅನ್ನುವವರು ಕೈ ಎತ್ತಿ" ಎಂದರು. ಬಹಳ ಕೈಗಳು ಎದ್ದವು. ಕುಸಿಯುತ್ತದೆ ಎನ್ನುವವರ ಕೈಗಳು ಕಡಿಮೆ ಇದ್ದವು. ಹಮೀದ್ ಎರಡಕ್ಕೂ ಎತ್ತಲಿಲ್ಲ. ನಾನು ಕಾರ್ಯದರ್ಶಿಯಾದ್ದರಿಂದ ನಡಾವಳಿಯಲ್ಲಿ ಗಂಭೀರವಾಗಿ ಬರೆದುಕೊಂಡೆ: 'ಮಾದಾಪುರದ ಗುಡ್ಡವು ಈ ಮಳೆಗಾಲದಲ್ಲಿ ಕುಸಿಯುವುದಿಲ್ಲವೆಂದು ಬಹುಮತದಿಂದ ತೀರ್ಮಾನಿಸಲಾಯಿತು.'

ಬರೆದದ್ದನ್ನು ಓದಿ ಹೇಳಿದೆ. ಜಾನಕಿಯವರು ಎದ್ದು ಸೆರಗು ಸರಿಮಾಡಿಕೊಂಡರು. ಸಿಟ್ಟು ಮಾಡಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

"ಸಾರ್, ನೀವು ಕೈ ಎತ್ತಿದ್ದು ಗುಡ್ಡಕ್ಕೆ ಕಾಣ್ತದಾ?"

ಉತ್ತಯ್ಯನವರ ಮುಖ ಕೆಂಪಗಾಯಿತು. ಹಮೀದ್ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕೆವು. ಆದರೆ ಅದು ಸಮಾಧಾನದ ನಗೆಯಲ್ಲ, ಚಡ್ಡಿ ಹರಿದದ್ದು ಗೊತ್ತಾದವನು ನಗುವ ನಗೆ. ಅಷ್ಟೊಂದು ಪದವಿಗಳಿದ್ದ ಕೋಣೆಯಲ್ಲಿ, ಹೋಗಿ ನೋಡೋಣ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. "ನಾಳೆ ಬೆಳಿಗ್ಗೆ ಮಾದಾಪುರ. ಬೂಟ್ಸ್ ಹಾಕಿ ಬನ್ನಿ" ಎಂದು ಉತ್ತಯ್ಯನವರು ಸೈನ್ಯದ ಗಂಟಲಿನಲ್ಲಿ ಆಜ್ಞೆ ಮಾಡಿದರು.

ಉತ್ತಯ್ಯನವರ ಜೀಪಿನಲ್ಲಿ ಹಿಡಿಸುವಷ್ಟು ಜನ ಹೋದೆವು. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಜಿಗಣೆಗಳು ಆಗಲೇ ಎದ್ದಿದ್ದವು. ಚಿತ್ರದಲ್ಲಿ ಗೆರೆಯಂತಿದ್ದ ಬಿರುಕಿನೊಳಗೆ ನನ್ನ ಬೂಟು ಪೂರ್ತಿ ಇಳಿಯಿತು. ಅದು ಗುಡ್ಡಕ್ಕೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿಕೊಂಡು ಹೋಗಿತ್ತು, ಅದರ ನಡುಮಧ್ಯಕ್ಕೆ ನೇರ ಕೆಳಗೆ ಜಾನಕಿಯವರ ಹೆಂಚು. ಮೇಲೆ ಎಸ್ಟೇಟಿನವರು ಹೋಂಸ್ಟೇಗೆಂದು ರಸ್ತೆ ಕಡಿದಿದ್ದರು. ಹಮೀದ್ ಆ ರಸ್ತೆಯ ಮೇಲೆ ಸ್ವಲ್ಪ ಹೊತ್ತು ಓಡಾಡಿ, "ಸಾರೇ, ಇಡೀ ರಸ್ತೆಯ ನೀರು ಬಂದು ಇದರ ಬಾಯಿಗೇ ಬೀಳ್ತದೆ. ಚರಂಡಿನೇ ಮಾಡಿಲ್ಲ" ಎಂದರು. ಹಂದಿ ಅಗೆದದ್ದು ಎಂದಿದ್ದವರು ಅದನ್ನು ಮತ್ತೆ ಹೇಳಲಿಲ್ಲ. ಬಹುಮತ ಅಲ್ಲಿಯೇ ಕರಗಿತು.

ಈಗ ಬರೆದುಕೊಡಬೇಕಾಗಿತ್ತು. ನಾನು ಅವರ ಜಗಲಿಯಲ್ಲಿ ಕೂತು ಒಂದು ವಾಕ್ಯ ರಚಿಸಿದೆ. ನೌಕರಿಯಲ್ಲಿ ಕಲಿತ ವಿದ್ಯೆಯೆಲ್ಲ ಅದರಲ್ಲಿತ್ತು: 'ಮಳೆಯ ಪ್ರಮಾಣ ಹಾಗೂ ಮಣ್ಣಿನ ಗುಣಲಕ್ಷಣಗಳನ್ನು ಅವಲಂಬಿಸಿ, ಸೂಕ್ತ ತಾಂತ್ರಿಕ ಅಧ್ಯಯನಕ್ಕೆ ಒಳಪಟ್ಟು, ಮುನ್ನೆಚ್ಚರಿಕೆ ವಹಿಸುವುದು ಅಪೇಕ್ಷಣೀಯ.' ಗುಡ್ಡ ಬಿದ್ದರೂ ನಿಂತರೂ ಈ ವಾಕ್ಯಕ್ಕೆ ಏನೂ ಆಗುವುದಿಲ್ಲ. ಉಳಿದವರು ಮೆಚ್ಚಿ ತಲೆದೂಗಿದರು. ಜಾನಕಿಯವರು ತುಟಿ ಅಲುಗಿಸುತ್ತ ಅದನ್ನು ಎರಡು ಸಲ ಓದಿದರು.

"ಭಾರೀ ಲಾಯ್ಕ್ ಉಂಟು ಸಾರ್. ಆದ್ರೆ ನಾನು ಎಲ್ಲಿ ಮಲಗೂದು ಅಂತ ಇದ್ರಲ್ಲಿ ಇಲ್ಲ."

ಉತ್ತಯ್ಯನವರು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ನನ್ನ ವಾಕ್ಯಕ್ಕೆ ಉದ್ದಕ್ಕೂ ಗೀಟು ಹಾಕಿ, ಕೆಳಗೆ ದಪ್ಪಗೆ ಬರೆದರು: 'ಮಳೆಗಾಲದಲ್ಲಿ ಈ ಮನೆಯಲ್ಲಿ ಮಲಗಬಾರದು.' ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟರು. ಆಮೇಲೆ ಹಮೀದ್, ಆಮೇಲೆ ಉಳಿದವರು.

ಇದರಿಂದ ನಮಗೆ ಎದೆ ಹಗುರಾಯಿತು, ಜಾನಕಿಯವರಿಗೆ ಮನೆ ಹೋಯಿತು. ಮಾದಾಪುರದ ಪೇಟೆಯಲ್ಲಿ ಅಂಗಡಿಯೊಂದರ ಹಿಂದೆ ಒಂದು ಕತ್ತಲೆ ಕೋಣೆ ಬಾಡಿಗೆಗೆ ಹಿಡಿದು ಮೆಷಿನ್ ಸಾಗಿಸಿದರು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಇಣುಕಿದೆ. ಗೋಡೆ ನೀರು ಕುಡಿದು ಉಬ್ಬಿತ್ತು, ಹೊಲಿದಿಟ್ಟ ಬಟ್ಟೆಗಳಿಗೆ ಬೂಷ್ಟಿನ ವಾಸನೆ. "ಮದುವೆ ರವಿಕೆ ತಂದವರು ಮೂಸಿ ನೋಡಿ ವಾಪಸ್ ಕೊಂಡೋಗ್ತಾರೆ ಸಾರ್" ಎಂದರು. ನನಗೆ ಬಹಳ ಸಂಕಟವಾಯಿತು. ಜೀವ ಉಳಿಸಿದೆವು ಎಂದು ಹೇಳಿಕೊಳ್ಳೋಣವೆಂದರೆ ಮುಂಗಾರು ಮಳೆ ಇನ್ನೂ ಬಂದಿರಲಿಲ್ಲ.

ಮಳೆ ಬಂತು. ಎಲ್ಲೆಲ್ಲಿಯೋ ರಸ್ತೆ ಕುಸಿಯಿತು, ಮರ ಬಿತ್ತು, ಕಂಬ ಬಿತ್ತು. ಜಾನಕಿಯವರ ಮನೆ ಅಲ್ಲಾಡದೆ ನಿಂತಿತು.

ಪುತ್ತರಿ ಹಬ್ಬ ಕಳೆದ ಮೇಲಿನ ಸಭೆಗೆ ಅವರು ಬಂದರು. ಒಳಗೆ ಬಂದು ಕೂತುಕೊಳ್ಳಲೂ ಇಲ್ಲ. "ಮನೆ ನಿಂತುಂಟು ಸಾರ್. ಹೇಳಿ ಹೋಗುವ ಅಂತ ಬಂದೆ" ಎಂದು ಮೆಟ್ಟಿಲಿಳಿದು ಹೋದರು. ಉತ್ತಯ್ಯನವರು ಅಂದು ವಂದನಾರ್ಪಣೆಯನ್ನೇ ಮರೆತರು. ಜೀಪಿನವರೆಗೆ ಬಂದು ನನ್ನ ಕಿವಿಯಲ್ಲಿ, "ಗೌಡ್ರೇ, ಮನೆ ಬೀಳುದು ಬೇಡ, ದೇವರಾಣೆ ಬೇಡ. ಆದ್ರೆ ಹಿಂದಿನ ಬಚ್ಚಲಾದ್ರೂ ಒಂದು ಬೀಳ್ಬಾರ್ದಿತ್ತಾ?" ಎಂದರು. ನಾನು ನಕ್ಕೆ. ನನ್ನ ಮನಸ್ಸಿನಲ್ಲಿಯೂ ಅದೇ ಬಚ್ಚಲು ಇತ್ತು. ಈ ವೃತ್ತಿಗೆ ಬರುವ ಹೊಸಬರಿಗೆ ಇದನ್ನು ಯಾವ ಕಾಲೇಜಿನಲ್ಲಿಯೂ ಹೇಳಿಕೊಡುವುದಿಲ್ಲ. ನಿಮ್ಮ ಎಚ್ಚರಿಕೆ ಸರಿಯಾಗಿದ್ದರೂ ಬಹಳ ಸಲ ಏನೂ ಆಗುವುದಿಲ್ಲ. ಏನೂ ಆಗದಿದ್ದಾಗ ಜನ ನಿಮ್ಮನ್ನೇ ನೋಡುತ್ತಾರೆ.

ಬಚ್ಚಲು ಬೀಳಲೆಂದು ಕಾಯುವುದಕ್ಕಿಂತ ಗುಡ್ಡಕ್ಕೆ ಏನಾದರೂ ಮಾಡುವುದೇ ಮರ್ಯಾದೆ ಎಂದು ನಮಗೆ ತೋಚಿತು. ಮೇಲಿನ ಎಸ್ಟೇಟಿನ ಯಜಮಾನರು ಯಾರ ಮಾತಿಗೂ ಜಗ್ಗದವರು ಎಂದು ಎಲ್ಲರೂ ಹೆದರಿಸಿದ್ದರು. ಉತ್ತಯ್ಯನವರು ಒಂದು ಸಂಜೆ ಅವರ ಮನೆಗೆ ಹೋಗಿ ಕೂತು ನೆಂಟಸ್ತಿಕೆ ಹುಡುಕಿದರು. ಕೊಡಗಿನಲ್ಲಿ ಹುಡುಕಿದರೆ ನೆಂಟಸ್ತಿಕೆ ಸಿಗದೆ ಹೋಗುವುದಿಲ್ಲ. ಅವರ ಅಜ್ಜಿ ಉತ್ತಯ್ಯನವರ ತಾಯಿಯ ಕಡೆಯವರು ಎಂದು ಪತ್ತೆಯಾಯಿತು. ಆಮೇಲೆ ಚರಂಡಿಗೆ ಒಪ್ಪದೆ ಇರಲು ಅವರಿಗೆ ದಾರಿ ಉಳಿಯಲಿಲ್ಲ. ಬೇಸಿಗೆಯಲ್ಲಿ ಹಮೀದ್ ತಮ್ಮ ಜೆಸಿಬಿ ತಂದು ರಸ್ತೆಯ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದರು, ಕಡಿದಾದ ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಬಿರುಕಿಗೆ ಜೇಡಿಮಣ್ಣು ತುಂಬಿ ಗುದ್ದಿದೆವು. ನೀರು ಇಂಗದಂತೆ ಮಾಡಿ, ಇಳಿಜಾರಿಗೆಲ್ಲ ಹುಲ್ಲು ನೆಟ್ಟೆವು.

ಬಿರುಕಿನ ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರ ಅಳೆಯುತ್ತಿರಬೇಕಾಗಿತ್ತು. ಮಡಿಕೇರಿಯಿಂದ ದಿನಾ ಹೋಗುವವರು ಯಾರು? ಜಾನಕಿಯವರೇ ಒಪ್ಪಿಕೊಂಡರು. ನಾನು ಉಕ್ಕಿನ ಟೇಪು ಕೊಟ್ಟರೆ ಬೇಡವೆಂದು, ಕುತ್ತಿಗೆಗೆ ಹಾಕಿಕೊಂಡಿದ್ದ ಹೊಲಿಗೆಯ ಟೇಪನ್ನೇ ತೋರಿಸಿದರು. ಅದು ಹಿಗ್ಗುತ್ತದೆ ಎಂದು ನಾನು ವಾದ ಮಾಡಿ, ಬೈಸಿಕೊಂಡು, ಕೊನೆಗೆ ಉಕ್ಕಿನದನ್ನೇ ಒಪ್ಪಿಸಿದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ, ಅಳೆದು, ನನಗೆ ಫೋನು ಮಾಡುತ್ತಿದ್ದರು.

"ಸಾರ್, ಗುಡ್ಡದ ಸೊಂಟ ಮೊನ್ನೆಯಷ್ಟೇ ಉಂಟು. ದಪ್ಪ ಆಗ್ಲಿಲ್ಲ."

ನಾನು ಅದನ್ನು ಗಂಭೀರವಾಗಿ ಬರೆದುಕೊಳ್ಳುತ್ತಿದ್ದೆ. ಆ ಮಳೆಗಾಲ ಕಳೆಯಿತು, ಅದರ ಮುಂದಿನದೂ ಕಳೆಯಿತು. ಗೂಟಗಳು ಕದಲಲಿಲ್ಲ. ಮನೆಯ ಹಿಂದೆ ಒಸರುತ್ತಿದ್ದ ನೀರು ಕೆಸರಿಲ್ಲದೆ ತಿಳಿಯಾಗಿ ಬರತೊಡಗಿತು. ಮಣ್ಣಿನ ವಿಷಯ ನಮಗಿಂತ ಹೆಚ್ಚು ಓದಿದವರೊಬ್ಬರನ್ನು ಕರೆಸಿ ತೋರಿಸಿದೆವು. ಅವರೂ ನೋಡಿ, ನಾವು ಮಾಡಿದ್ದು ಸರಿಯಿದೆ ಎಂದರು. ಸದ್ಯ, ಅವರಿಗೆ ತಿರುವುಗಳಲ್ಲಿ ವಾಂತಿಯಾಗಲಿಲ್ಲ.

ಆಗ ಜಾನಕಿಯವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಕುರ್ಚಿ ಎಳೆದು ಕೂತರು. ಸೊರಗಿದ್ದರು. ಪೇಟೆಯ ಕೋಣೆಯ ಥಂಡಿಗೆ ಕೆಮ್ಮು ಹಿಡಿದಿತ್ತು, ಗಿರಾಕಿಗಳು ಬೇರೆ ಟೈಲರ್ ಹುಡುಕಿಕೊಂಡಿದ್ದರು.

"ಮಲಗ್ಬಾರ್ದು ಅಂತ ಬರೆದು ಕೊಟ್ರಿ. ನಾನು ಮಲಗ್ಲಿಲ್ಲ. ಈಗ ಹೇಳಿ ಸಾರ್, ಮಲಗ್ಬಹುದಾ?"

ಬೇಡ ಎನ್ನುವ ಕಾಗದಕ್ಕೆ ಸಾಲಾಗಿ ಸಹಿ ಹಾಕಿದವರೆಲ್ಲ ಈಗ ಕಾಫಿ ಲೋಟದೊಳಗೆ ನೋಡತೊಡಗಿದರು. ಇನ್ನೊಂದು ಮಳೆಗಾಲ ನೋಡೋಣ ಎಂದರು ಒಬ್ಬರು. ಇನ್ನೊಂದು ಅಧ್ಯಯನ ಆಗಲಿ ಎಂದರು ಮತ್ತೊಬ್ಬರು. ಬೇಡ ಎಂದರೆ ನಮಗೇನೂ ಖರ್ಚಿಲ್ಲ, ಅದರ ಬಾಡಿಗೆ ಕಟ್ಟುವವರು ಜಾನಕಿ. ಬಹುದು ಎಂದರೆ, ಒಂದು ವೇಳೆ ಏನಾದರೂ ಆದರೆ, ಆ ಮಾತು ಸಾಯುವವರೆಗೆ ನಮ್ಮ ಬೆನ್ನ ಮೇಲೆ. ನನಗೂ ಭಯವಾಯಿತು. ಕೈ ಎತ್ತಿಸೋಣ ಎಂದು ಮಾತ್ರ ಯಾರೂ ಅನ್ನಲಿಲ್ಲ, ಅಷ್ಟು ಕಲಿತಿದ್ದೆವು.

ಕೊನೆಗೆ ನಾನೇ ಹೇಳಿದೆ: "ಮಲಗಬಹುದು ಜಾನಕಿಯವರೇ. ಅಳೆಯೋದು ಬಿಡಬೇಡಿ. ಗೂಟ ಕದಲಿದರೆ, ಹಿಂದಿನ ನೀರು ಕೆಸರಾದರೆ, ಮೆಷಿನ್ ಗಿಷಿನ್ ನೋಡಬೇಡಿ, ಎದ್ದು ಓಡಿ. ಇಲ್ಲದಿದ್ದರೆ ಮಲಗಬಹುದು."

"ಹೌದು, ಮಲಗ್ಬಹುದು" ಎಂದರು ಉತ್ತಯ್ಯನವರು. "ಕಾಗದ ಕೊಡಿ ಗೌಡ್ರೇ, ಸೈನ್ ಮಾಡ್ತೇನೆ."

ಜಾನಕಿಯವರು ಕೈ ಅಡ್ಡ ಹಿಡಿದರು. "ಕಾಗದ ಬೇಡ ಸಾರ್. ಕಾಗದ ನನ್ ಹತ್ರ ಒಂದುಂಟು. ಕಕ್ಕಡ ತಿಂಗಳಲ್ಲಿ ಮಳೆ ಜೋರು ಹೊಡೆಯುವಾಗ ನೀವು ಬನ್ನಿ. ಊಟ ನಾನು ಹಾಕ್ತೇನೆ. ಉಂಡ ಮೇಲೆ ಒಂದು ಮಧ್ಯಾಹ್ನ ಆ ಮನೆಲಿ ಮಲಗಿ. ನೀವು ಮಲಗಿ ಎದ್ರೆ ಮತ್ತೆ ನಾನು ಮಲಗ್ತೇನೆ."

ಹೀಗೆ ನಮ್ಮ ಶಾಖೆಯ ಆ ತಿಂಗಳ ಸಭೆ ಮಾದಾಪುರದಲ್ಲಿ ಎಂದು ನಿಗದಿಯಾಯಿತು. ವಾಟ್ಸ್ಯಾಪಿನಲ್ಲಿ ಮೇಲೆ ನಾಟಿ ಕೋಳಿ ಸಾರು, ಅಕ್ಕಿ ರೊಟ್ಟಿ, ಮದ್ದುಸೊಪ್ಪಿನ ಪಾಯಸ ಎಂದು ಹಾಕಿದೆ. ಕೆಳಗೆ ಉಪನ್ಯಾಸದ ಜಾಗದಲ್ಲಿ 'ನಿದ್ರೆ' ಎಂದು ಹಾಕಿದೆ. ನಾಟಿ ಕೋಳಿಗೆ ಮಾಕುಟ್ಟದಿಂದ ಕೊಡ್ಲಿಪೇಟೆಯವರೆಗಿನ ಸದಸ್ಯರು ಬರುವುದು ವಾಡಿಕೆ. ಅಂದು ಒಬ್ಬರಿಗೆ ಹಲ್ಲುನೋವು, ಒಬ್ಬರ ಮನೆಗೆ ಹೆಣ್ಣು ನೋಡಲು ಬರುವವರಿದ್ದರು, ಬಹಳ ಜನರಿಗೆ ನೆಟ್‌ವರ್ಕ್ ಇರಲಿಲ್ಲ. ಕಾಡುಹಂದಿಯ ಸಿದ್ಧಾಂತ ಹೇಳಿದ್ದವರಿಗೆ ಸಾಕ್ಷಾತ್ ಕಾಡುಹಂದಿಯೇ ತೋಟಕ್ಕೆ ನುಗ್ಗಿತ್ತಂತೆ. ಬಂದವರು ಉತ್ತಯ್ಯನವರು, ಹಮೀದ್ ಮತ್ತು ನಾನು.

ಮಳೆ ಹೇಗಿತ್ತೆಂದರೆ ಜೀಪಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಕೊಡೆ ಉಲ್ಟಾ ಆಯಿತು. ಊಟ ಬಹಳ ರುಚಿಯಾಗಿತ್ತು. ಹಮೀದ್ ರೊಟ್ಟಿ ಎಣಿಸುವುದನ್ನು ಬಿಟ್ಟರು. ಉಂಡ ಮೇಲೆ ಜಾನಕಿಯವರು ಮುಂದಿನ ಕೋಣೆಯಲ್ಲಿ ಮೂರು ಚಾಪೆ ಹಾಸಿ, ತಲೆದಿಂಬು ಇಟ್ಟು, "ಮಲಗಿ" ಎಂದರು. ತಾವು ಹೊಸಿಲ ಹತ್ತಿರ ಮಣೆ ಹಾಕಿಕೊಂಡು ಕೂತರು. ಮೆಷಿನ್ ಇದ್ದ ಜಾಗ ಖಾಲಿಯಾಗಿತ್ತು, ನೆಲದ ಮೇಲೆ ಅದರ ಕಾಲಿನ ಗುರುತುಗಳಿದ್ದವು.

ಮಲಗಿದೆವು. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಹಮೀದ್ ಗೋಡೆಯ ಕಡೆ ತಿರುಗಿ ಏನೋ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದಂತೆ ಕಂಡಿತು. ನನಗೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಹಿಂದಿನ ಚರಂಡಿಯ ನೀರಿನ ಸದ್ದು ಬದಲಾಯಿತೇ, ಕಲ್ಲು ಉರುಳಿತೇ ಎಂದು ಕಿವಿಯೆಲ್ಲ ಗುಡ್ಡದಲ್ಲೇ. ಕಟ್ಟಿದ ಸೇತುವೆಗಳ ಮೇಲೆ ಎಷ್ಟೋ ಲಾರಿಗಳನ್ನು ಓಡಿಸಿದ್ದೇನೆ, ಒಂದು ದಿನವಾದರೂ ಅವುಗಳ ಕೆಳಗೆ ಮಲಗಿರಲಿಲ್ಲ. ನನ್ನ ಮಾತಿನ ತೂಕ ಎಷ್ಟೆಂದು ನನ್ನ ಬೆನ್ನಿಗೆ ತಿಳಿದದ್ದು ಆ ಚಾಪೆಯ ಮೇಲೆ.

ಅಷ್ಟರಲ್ಲಿ ಉತ್ತಯ್ಯನವರು ಗೊರಕೆ ಹೊಡೆಯತೊಡಗಿದರು. ಸಣ್ಣಪುಟ್ಟ ಗೊರಕೆಯಲ್ಲ, ಮಳೆಯ ಸದ್ದನ್ನು ಮೀರಿಸಿದ, ವಂದನಾರ್ಪಣೆಯಷ್ಟೇ ನಿರಾತಂಕವಾದ ಗೊರಕೆ. ಜಾನಕಿಯವರು ಸ್ವಲ್ಪ ಹೊತ್ತು ಅವರನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ, ತಡವಾಗಿತ್ತು.

"ಗೌಡ್ರು ಸಾರಿಗೆ ನಿದ್ದೆ ಬರ್ಲಿಲ್ಲ."

"ಇಲ್ಲ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀರಿನ ಸದ್ದು ಕೇಳ್ತಾ ಇದ್ದೆ."

ಇನ್ನು ಈಕೆ ಈ ಮನೆಗೆ ಬರುವುದಿಲ್ಲ, ಎಲ್ಲ ನನ್ನಿಂದ ಕೆಟ್ಟಿತು ಎಂದುಕೊಂಡೆ. ಜಾನಕಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗು ನೋಡಿದ್ದು ನಾನು ಅದೇ ಮೊದಲು.

"ನಾನೂ ಅದೇ ಕೇಳ್ತಾ ಕೂತದ್ದು. ಮೂರೂ ಜನ ಗೊರಕೆ ಹೊಡೆದಿದ್ರೆ ನಂಗೆ ನಂಬಿಕೆ ಬರ್ತಿರ್ಲಿಲ್ಲ ಸಾರ್."

ಎದ್ದು ಜಗಲಿಗೆ ಹೋಗಿ, ನೆಟ್‌ವರ್ಕ್ ಸಿಗುವ ಒಂದು ಮೂಲೆಯಲ್ಲಿ ಕತ್ತು ಚಾಚಿ ನಿಂತು, ಪೇಟೆಯ ಪಿಕಪ್ಪಿನವನಿಗೆ ಫೋನು ಹಚ್ಚಿದರು. ಉತ್ತಯ್ಯನವರಿಗೆ ಎಚ್ಚರವಾಗದಂತೆ ಮೆಲ್ಲಗೆ ಮಾತಾಡಿದರು.

"ಮಳೆ ಆದ್ರೆ ಎಂತ, ಟಾರ್ಪಾಲ್ ಹಾಕ್ಕೊಂಡು ಬಾ. ಮೆಷಿನ್ ಮನೆಗೆ ತರ್ಬೇಕು."